ಡೇರಿ ಸಾಲಿನಿಂದ ಪಂಚಾಯಿತಿಗೆ: ನನ್ನ ಅನುಭವ

ನಮ್ಮದು ಬೆಂಗಳೂರಿನ ಪಕ್ಕದ ಆನೇಕಲ್ ತಾಲ್ಲೂಕು. ಎರಡು ಎಕರೆ ಹೊಲ, ನಾಲ್ಕು ಹಸು. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತು ಗೆದ್ದೆ. ‘ಅಕ್ಕಾ, ನಾವೂ ನಿಲ್ಲಬೇಕು, ಏನು ಮಾಡೋದು?’ ಅಂತ ಅಕ್ಕಪಕ್ಕದ ಊರಿನ ಹೆಣ್ಣುಮಕ್ಕಳು ಕೇಳುತ್ತಾರೆ. ನಾನು ಮೊದಲು ಕೇಳುವುದು, ಡೇರಿಗೆ ಹಾಲು ಹಾಕ್ತೀರಾ ಅಂತ.

ಚುನಾವಣೆಗೂ ಮುಂಚೆ ನಾನು ಡೇರಿ ಸಂಘದ, ಅಂದರೆ ಊರಿನ ಹಾಲಿನ ಸಹಕಾರ ಸಂಘದ ನಿರ್ದೇಶಕಿಯಾಗಿದ್ದೆ. ದಿನಕ್ಕೆ ಎರಡು ಸಲ ಊರೆಲ್ಲ ಬರುವ ಜಾಗ ಅದು. ಯಾರ ಹಸುವಿಗೆ ಕೆಚ್ಚಲು ಬಾವು, ಯಾರ ಹಾಲಿನ ದುಡ್ಡಿನ ಬಟವಾಡೆ ಪೂರ್ತಿ ಸಾಲಕ್ಕೇ ಹೋಗುತ್ತಿದೆ, ಎಲ್ಲ ಅಲ್ಲೇ ತಿಳಿಯುತ್ತದೆ. ಒಮ್ಮೆ ಒಬ್ಬ ಅಜ್ಜಿಯ ಹಾಲಿನಲ್ಲಿ ಫ್ಯಾಟ್ (ಕೊಬ್ಬಿನ ಅಂಶ) ಕಡಿಮೆ ಬಂದು ದುಡ್ಡು ಕಮ್ಮಿಯಾಯಿತು. ಅವರೆದುರೇ ಹಾಲನ್ನು ಮತ್ತೆ ಪರೀಕ್ಷೆ ಮಾಡಿಸಿದೆ. ಲೆಕ್ಕ ಕೇಳುವ ಧೈರ್ಯ ನನಗೆ ಬಂದಿದ್ದು ಆವತ್ತು. ದೇವೇಗೌಡರೂ ಹೊಳೆನರಸೀಪುರದಲ್ಲಿ ಸಹಕಾರ ಸಂಘದ ಅಧ್ಯಕ್ಷರಾಗಿದ್ದವರು. ಆಮೇಲೆ ತಾಲ್ಲೂಕು ಬೋರ್ಡ್, 1962ರಲ್ಲಿ ಪಕ್ಷೇತರ ಶಾಸಕ, 1996ರ ಜೂನ್ 1ಕ್ಕೆ ಪ್ರಧಾನಿ. ರೈತರ ಮನೆಯವರಿಗೆ ಸಂಘವೇ ಮೊದಲ ಮೆಟ್ಟಿಲು ಅಂತ ನಾನು ನಂಬಿದ್ದೇನೆ.

ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇರುವುದಿಲ್ಲ. 21 ವರ್ಷ ತುಂಬಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಠೇವಣಿಯೂ ಜಾಸ್ತಿ ಇಲ್ಲ. ಕಷ್ಟವಾಗಿದ್ದು ಬೇರೆ: ಅದು ರಾಗಿ ಕೊಯ್ಲಿನ ಕಾಲ. ಹಗಲು ಮನೆ ಬಾಗಿಲಿಗೆ ಹೋದರೆ ಯಾರೂ ಸಿಗುತ್ತಿರಲಿಲ್ಲ. ಹಾಗಾಗಿ ಕುಡುಗೋಲು ಹಿಡಿದು ಅವರ ಹೊಲಕ್ಕೇ ಹೋದೆ. ಮುಯ್ಯಾಳಿಗೆ, ಅಂದರೆ ಕೂಲಿಯಿಲ್ಲದೆ ಒಬ್ಬರ ಹೊಲಕ್ಕೆ ಒಬ್ಬರು ದುಡಿಯಲು ಹೋದ ಹಾಗೆ ಒಂದೊಂದು ಹೊಲದಲ್ಲಿ ಅರ್ಧ ದಿನ ರಾಗಿ ಕೊಯ್ದೆ. ಮಾತು ತಾನಾಗೇ ಬಂತು. ನಮ್ಮ ರಾಗಿ ಮಾತ್ರ ತಡವಾಯಿತು, ತೆನೆ ಉದುರಿತು. ಆ ನಷ್ಟ ನನಗೆ ಇವತ್ತಿಗೂ ನೋವು.

ಗೆದ್ದ ಮೇಲೆ ಮೊದಲ ಸಭೆಯಲ್ಲಿ ‘ಯಜಮಾನರು ಬರಲಿಲ್ವಾ?’ ಅಂತ ಕೇಳಿದರು. ಹಾಜರಿ ಅಂತ ಪುಸ್ತಕ ಕೊಟ್ಟರು. ನೋಡಿದರೆ ಅದು ನಡಾವಳಿ, ಸಭೆಯ ತೀರ್ಮಾನ ಬರೆಯುವ ಪುಸ್ತಕ; ಅರ್ಧ ಪುಟ ಖಾಲಿ. ಬರೆದು ಮುಗಿಸಿದ ಮೇಲೆ ಸಹಿ ಹಾಕ್ತೀನಿ ಅಂದೆ. ಒಂದು ಗಂಟೆ ಸುಮ್ನೆ ಕೂತಿದ್ದೆ. ಬರೆದರು. ನರೇಗಾ ಕೆಲಸ ಕೇಳುವವರಿಗೂ ಇದನ್ನೇ ಕಲಿಸಿದೆ: ಬಾಯಲ್ಲಿ ಕೇಳಬೇಡಿ, ಅರ್ಜಿ ಕೊಟ್ಟು ರಸೀದಿ ತಗೊಳ್ಳಿ. 15 ದಿನದೊಳಗೆ ಕೆಲಸ ಕೊಡಬೇಕೆಂಬ ನರೇಗಾ ನಿಯಮ ಆಗ ಅರ್ಜಿ ಕೊಟ್ಟ ದಿನದಿಂದ ಲೆಕ್ಕವಾಗುತ್ತಿತ್ತು. ರಸೀದಿ ಇಲ್ಲದಿದ್ದರೆ ಆ ದಿನ ಯಾವುದು ಅಂತ ಯಾರು ಹೇಳಬೇಕು?

ನಮ್ಮ ಕಡೆ ಬೆಂಗಳೂರು ಹೊಲದ ಬದುವಿಗೇ ಬಂದು ನಿಂತಿದೆ. ಪಂಚಾಯಿತಿಯಲ್ಲಿ ದಿನವೂ ಇ-ಖಾತೆಗೆ (ಸೈಟು, ಮನೆಯ ಕಂಪ್ಯೂಟರ್ ದಾಖಲೆಗೆ) ಬಂದವರ ಗುಂಪು. ಊರಿನ ಹೆಂಗಸರ ಮಾತು ಅಲ್ಲಿ ಕೇಳಿಸುತ್ತಲೇ ಇರಲಿಲ್ಲ. ವಾರ್ಡ್ ಸಭೆಯನ್ನು ಬೆಳಗ್ಗೆ ಹನ್ನೊಂದಕ್ಕೆ ಕರೆದಾಗ ಬಂದವರು ಒಂಬತ್ತೇ ಜನ. ಕೂಲಿಗೆ ಹೋದವರು ಹೇಗೆ ಬರ್ತಾರೆ, ಅಲ್ವಾ? ಮುಂದಿನ ಸಲ ಸಂಜೆ ಹಾಲು ಹಾಕಿದ ಮೇಲೆ, ಡೇರಿ ಮುಂದೆಯೇ ಇಟ್ಟುಕೊಂಡೆವು. ಅರವತ್ತಕ್ಕೂ ಹೆಚ್ಚು ಜನ ಬಂದರು. ಖಾಲಿ ಕ್ಯಾನು ಬೋರಲು ಹಾಕಿ ಅದರ ಮೇಲೆ ಕೂತ ಆ ಅಜ್ಜಿಯೇ ಮೊದಲು ಮಾತಾಡಿದರು. ಡೇರಿ ದಾರಿಗೆ ದೀಪ ಬೇಕು, ಬೆಳಗಿನ ಕತ್ತಲಲ್ಲಿ ಹಾಲು ಚೆಲ್ಲುತ್ತೆ ಅಂದರು. ನಡಾವಳಿಯಲ್ಲಿ ಅದನ್ನೇ ಮೊದಲು ಬರೆಸಿದೆ.