ಐಸಿಯುನಲ್ಲಿ ಕೊನೆಯ ಹೊತ್ತು: ಮನೆಯವರನ್ನು ಒಳಗೆ ಕೂರಿಸಿದ ನನ್ನ ಅನುಭವ

ಮಂಗಳೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ ನಾನು ಇನ್‌ಚಾರ್ಜ್ ಸಿಸ್ಟರ್. ಇನ್ನು ಉಳಿಯುವುದಿಲ್ಲ ಎಂದಾದವರ ವೆಂಟಿಲೇಟರ್ ತೆಗೆಯುವಾಗ ಮನೆಯವರು ಹಾಸಿಗೆ ಪಕ್ಕದಲ್ಲೇ ಇರಲಿ ಎಂದಾಗ ಡಾಕ್ಟರುಗಳೇ ಒಪ್ಪಲಿಲ್ಲ. "ಸಿಸ್ಟರ್, ಗಲಾಟೆ ಆಗ್ತದೆ" ಅಂದರು. ಇಲ್ಲಿವರೆಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಮಂದಿ ಹಾಗೆ ಹೋಗಿದ್ದಾರೆ. ಒಂದು ಗಲಾಟೆಯೂ ಆಗಿಲ್ಲ.

ಮೊದಲ ಸಲ ಮಾತ್ರ ಸೋತೆ. ಬಂಟ್ವಾಳ ಕಡೆಯ ಅಜ್ಜ. ಟ್ಯೂಬ್ ತೆಗೆದ ಮೇಲೆ ಗಂಟಲು ಗೊರಗೊರ ಅಂತು. ಆಗ ಗ್ಲೈಕೋಪೈರೋಲೇಟ್ ಕೊಟ್ಟೆವು, ಹೊಸ ಕಫ, ಜೊಲ್ಲು ಕಡಿಮೆ ಮಾಡುವ ಮದ್ದು. ಅಷ್ಟರಲ್ಲಿ ತುಂಬಿದ ಕಫಕ್ಕೆ ಅದು ಏನೂ ಮಾಡುವುದಿಲ್ಲ ಅಲ್ವಾ. ಮಗಳು ಕಿವಿ ಮುಚ್ಚಿಕೊಂಡು ಹೊರಗೆ ಓಡಿದಳು. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಈಗ ಹಿಂದಿನ ದಿನವೇ ಡ್ರಿಪ್ಪು, ಟ್ಯೂಬಿನ ಫೀಡು ಕಡಿಮೆ ಮಾಡುತ್ತೇವೆ. ಗ್ಲೈಕೋ ಅರ್ಧ ಗಂಟೆ ಮೊದಲೇ. ನೋವು, ಏದುಸಿರಿಗೆ ಮಾರ್ಫಿನ್, ಗಾಬರಿಗೆ ಮಿಡಜೋಲಾಮ್ ಸಿರಿಂಜಿನಲ್ಲಿ ತುಂಬಿಟ್ಟುಕೊಂಡು ಡಾಕ್ಟರು ಪಕ್ಕದಲ್ಲೇ ನಿಂತಿರುತ್ತಾರೆ. ಉಸಿರಾಟದ ವೇಗ, ಹುಬ್ಬಿನ ಗಂಟು ನೋಡಿ ಸ್ವಲ್ಪ ಸ್ವಲ್ಪ ಕೊಡುತ್ತಾರೆ. ಹಾಸಿಗೆ ಪಕ್ಕದ ಮಾನಿಟರ್ ಪರದೆ ಆಫ್. ನಾನು ನರ್ಸುಗಳ ಸ್ಟೇಷನ್ನಿನಲ್ಲಿ ಕೂತು ಅದನ್ನು ನೋಡುತ್ತೇನೆ.

ಕಾಗದದ ಕೆಲಸ ಇನ್ನೊಂದು ಪಾಡು. ಗುಣವಾಗದವರ ಜೀವ ಹಿಡಿದಿಡುವ ಚಿಕಿತ್ಸೆ ನಿಲ್ಲಿಸಲು ಒಪ್ಪಿದ 2018ರ ಸುಪ್ರೀಂ ಕೋರ್ಟ್ ತೀರ್ಪಿನ ಕ್ರಮವನ್ನು 2023ರಲ್ಲಿ ಸರಳ ಮಾಡಿದರು. 2025ರ ಜನವರಿಯಲ್ಲಿ ನಮ್ಮ ಕರ್ನಾಟಕ ಸರ್ಕಾರದ ಸುತ್ತೋಲೆಯೂ ಬಂತು. ಡಾಕ್ಟರುಗಳ ಎರಡು ಮಂಡಳಿ ಒಪ್ಪಬೇಕು. ಆದರೂ ಎರಡನೇ ಮಂಡಳಿಯ ಡಾಕ್ಟರು ಸಿಗದೆ ಒಂದು ಕುಟುಂಬ ನಾಲ್ಕು ದಿನ ಕಾಯಿತು. ಲಕ್ಷದ ಹತ್ತಿರ ಬಿಲ್ ಏರಿತು. ಅವರು ಚಿನ್ನ ಅಡವಿಟ್ಟು ಮಾಡಿದ ಸಾಲ ನೆನಪಾದರೆ ಈಗಲೂ ಸಂಕಟ. ಈಗ ಮೊದಲ ಮಂಡಳಿ ಕೂತ ದಿನವೇ ಎರಡನೆಯದಕ್ಕೂ ಫೋನ್ ಮಾಡುತ್ತೇನೆ. ಮೊದಲು ಹಣ ಸಾಕಾಗದವರು ಸಹಿ ಹಾಕಿ ರೋಗಿಯನ್ನು ಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಅಂಬು, ಅಂದರೆ ಕೈಯಲ್ಲಿ ಒತ್ತಿ ಉಸಿರು ಕೊಡುವ ಚೀಲ, ಒತ್ತಿಸಿಕೊಂಡು ಹೋದ ಒಬ್ಬ ರೋಗಿ ಬಿ.ಸಿ.ರೋಡ್ ದಾಟುವ ಮೊದಲೇ ತೀರಿಕೊಂಡರು, ಅಂಬುಲೆನ್ಸಿನಲ್ಲೇ.

ದುಬೈಯಿಂದ ಮಗ ಬಂದು "ಎಲ್ಲಾ ಮಾಡಿ" ಅನ್ನುತ್ತಾನಲ್ಲ, ಅವನನ್ನು ಕೂರಿಸಿ ನಾನು ಮೊದಲು ಕೇಳುವ ಪ್ರಶ್ನೆ ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದು ಕೇಳುವ ಮಾತಲ್ಲ ಅದು. ನಮ್ಮ ಐಸಿಯುಗೆ ಬನ್ನಿ, ತೋರಿಸುತ್ತೇನೆ.

ನಡುವೆ ಬಾಯಿ ಒದ್ದೆ ಮಾಡಲು ಬೊಂಡದ ನೀರು, ಅಂದರೆ ಎಳನೀರು, ಪರೀಕ್ಷಿಸಿದೆ. ಗಾಜ್ ಬಟ್ಟೆ ಅದ್ದಿ ತುಟಿಗೆ, ನಾಲಗೆಗೆ ಸವರಿದರೆ ಗ್ಲಿಸರಿನ್‌ಗಿಂತ ಒಳ್ಳೆಯದು, ಅಂಟುವುದಿಲ್ಲ. ಕೆಲವರು ತುಳಸಿ ನೀರು ತರುತ್ತಾರೆ, ಬ್ಯಾರಿ ಮುಸ್ಲಿಂ ಕುಟುಂಬದವರು ಮೆಕ್ಕಾದ ಝಂಝಂ ನೀರು. ಎರಡಕ್ಕೂ ಅದೇ ಗಾಜ್, ಅದೇ ಒಂದೆರಡು ಹನಿ. ಫಾದರ್ ಬಂದರೆ ಪರದೆ ಎಳೆದು ಕೊಡುತ್ತೇವೆ.

ಯಕ್ಷಗಾನದ ಹುಚ್ಚಿದ್ದ ಒಬ್ಬರಿಗೆ ಮೊಮ್ಮಗ ಫೋನಿನಲ್ಲಿ ಭಾಗವತಿಕೆ ಹಾಕಿ ದಿಂಬಿನ ಕೆಳಗಿಟ್ಟ. ಚೆಂಡೆ ಜಾಸ್ತಿ ಜೋರಾಯಿತು ಎಂದು ಕಡಿಮೆ ಮಾಡಲು ಹೋದೆ. ಅಜ್ಜಿ ನನ್ನ ಕೈ ಹಿಡಿದು ಬೇಡ ಅಂದರು. ಅಜ್ಜನ ಹಣೆಯ ಗೆರೆ ಆಗಲೇ ಸಡಿಲಾಗಿತ್ತು.