ಮುಂಬಯಿಯಲ್ಲಿ ವಿಶೇಷ ವಿವಾಹ: ನೋಟಿಸು ಕೊಡುವ ಮುನ್ನ ತಿಳಿದಿರಬೇಕಾದದ್ದು

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಬೇರೆ ಧರ್ಮದ ಸಂಗಾತಿಯನ್ನು ಮೆಚ್ಚಿ ಮದುವೆಯಾಗಲು ಹೊರಟವರಿಗೆ 1954ರ ವಿಶೇಷ ವಿವಾಹ ಕಾಯ್ದೆಯೇ ನೇರವಾದ ದಾರಿ, ಏಕೆಂದರೆ ಇಲ್ಲಿ ಇಬ್ಬರಲ್ಲಿ ಯಾರೂ ಮತಾಂತರವಾಗಬೇಕಿಲ್ಲ. ಆದರೆ ಈ ದಾರಿಯಲ್ಲಿ ಸರ್ಕಾರ ನಿಮ್ಮನ್ನು ಒಂದು ತಿಂಗಳು ತಡೆದು ನಿಲ್ಲಿಸುತ್ತದೆ. ಆ ತಿಂಗಳಲ್ಲಿ ಅದಕ್ಕೆ ಏನನ್ನು ಕೇಳುವ ಅಧಿಕಾರವಿದೆ, ಏನನ್ನು ಕೇಳುವಂತಿಲ್ಲ ಎಂಬುದನ್ನು ಅರಿತುಕೊಂಡೇ ಅರ್ಜಿ ಹಾಕಬೇಕು.

ಮೊದಲು ನಿಮ್ಮ ಜಿಲ್ಲೆ ಯಾವುದೆಂದು ನೋಡಿಕೊಳ್ಳಿ. ಮಾಟುಂಗಾ ಮುಂಬಯಿ ನಗರ ಜಿಲ್ಲೆಗೂ ಘಾಟ್‌ಕೋಪರ್ ಉಪನಗರ ಜಿಲ್ಲೆಗೂ ಡೊಂಬಿವಲಿ ಠಾಣೆ ಜಿಲ್ಲೆಗೂ ಸೇರಿವೆ. ಮದುವೆಯಾಗಲಿದ್ದೇವೆಂದು ಜಿಲ್ಲೆಯ ವಿವಾಹಾಧಿಕಾರಿಗೆ ಲಿಖಿತವಾಗಿ ತಿಳಿಸುವುದೇ ನೋಟಿಸು; ಅದನ್ನು ಕೊಡುವ ಮುನ್ನ ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ಆ ಜಿಲ್ಲೆಯಲ್ಲಿ ವಾಸವಾಗಿರಬೇಕು.

ಹೆಚ್ಚಿನವರು ಎಡವುವುದು ನೋಟಿಸಿನ ನಮೂನೆಯಲ್ಲಿ. ಹೆಸರು, ಉದ್ಯೋಗ, ವಯಸ್ಸು, ವಾಸಸ್ಥಳಗಳ ಜೊತೆಗೆ ಕಾಯಂ ವಾಸಸ್ಥಳಕ್ಕೂ ಅಲ್ಲೊಂದು ಅಂಕಣವಿದೆ. ವಿವಾಹಾಧಿಕಾರಿ ಈ ಹಾಳೆಯನ್ನು ತಮ್ಮ ಕಚೇರಿಯಲ್ಲಿ ಎದ್ದು ಕಾಣುವಂತೆ ಅಂಟಿಸುತ್ತಾರೆ. ಇಷ್ಟೇ ಆಗಿದ್ದರೆ ಮುಂಬಯಿಯ ಗೋಡೆಯನ್ನು ಯಾರು ಓದುತ್ತಾರೆ ಎಂದು ಸುಮ್ಮನಿರಬಹುದಿತ್ತು. ಆದರೆ 6ನೇ ಕಲಮಿನ ಪ್ರಕಾರ, ಇಬ್ಬರಲ್ಲಿ ಯಾರದಾದರೂ ಕಾಯಂ ವಾಸ ಬೇರೆ ಜಿಲ್ಲೆಯಲ್ಲಿದ್ದರೆ ಅಲ್ಲಿನ ಅಧಿಕಾರಿಗೂ ಪ್ರತಿ ಹೋಗಿ, ಅಲ್ಲಿಯೂ ಗೋಡೆಗೆ ಏರುತ್ತದೆ. ವಿಜಯಪುರದಲ್ಲೋ ಉಡುಪಿಯಲ್ಲೋ ಅದನ್ನು ಕಂಡ ಪರಿಚಯದವರು ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟಿಸಿರುತ್ತಾರೆ. ಆದ್ದರಿಂದ ನೀವು ನಿಜವಾಗಿ ಮುಂಬಯಿಯಲ್ಲೇ ನೆಲೆಸಿದ್ದು ಕಾಗದಪತ್ರಗಳಲ್ಲಿ ಮಾತ್ರ ಊರಿನ ವಿಳಾಸ ಉಳಿದಿದ್ದರೆ, ಅದನ್ನು ಬದಲಾಯಿಸಿಕೊಂಡ ನಂತರವೇ ನೋಟಿಸು ಕೊಡಿ. ಸುಳ್ಳು ವಿಳಾಸವನ್ನು ಮಾತ್ರ ಎಂದಿಗೂ ಬರೆಯಬೇಡಿ. ಅಲಹಾಬಾದ್ ಹೈಕೋರ್ಟು 2021ರಲ್ಲಿ ನೋಟಿಸಿನ ಪ್ರಕಟಣೆಯನ್ನು ಜೋಡಿಯ ಇಚ್ಛೆಗೆ ಬಿಟ್ಟಿತಾದರೂ, ಅದು ಉತ್ತರ ಪ್ರದೇಶದ ಹೈಕೋರ್ಟಾದ್ದರಿಂದ ಮುಂಬಯಿಯಲ್ಲಿ ಅದನ್ನೇ ನೆಚ್ಚಿ ಕೂರುವಂತಿಲ್ಲ. ಮೊದಲ ಮದುವೆಯನ್ನು ಮುಚ್ಚಿಟ್ಟವರನ್ನು ಹಿಡಿಯಲು ವಿಚಾರಣೆ ಬೇಕೆಂಬುದನ್ನು ಒಪ್ಪೋಣ. ಅದಕ್ಕೆ ಊರಿಗೆಲ್ಲ ವಿಳಾಸ ಸಾರಬೇಕಾಗಿಲ್ಲ.

ನೋಟಿಸು ಪ್ರಕಟವಾದ 30 ದಿನಗಳೊಳಗೆ ಯಾರು ಬೇಕಾದರೂ ಆಕ್ಷೇಪಿಸಬಹುದು, ಆದರೆ ಕಾರಣಗಳು 4ನೇ ಕಲಮಿನೊಳಗಿನವೇ ಆಗಿರಬೇಕು: ಈಗಾಗಲೇ ಮದುವೆಯಾದ ಸಂಗಾತಿ ಜೀವಂತವಿರುವುದು, ವರನಿಗೆ 21 ವಧುವಿಗೆ 18 ತುಂಬದಿರುವುದು, ಒಪ್ಪಿಗೆ ಕೊಡಲಾಗದ ಮನಃಸ್ಥಿತಿ, ನಿಷಿದ್ಧ ರಕ್ತಸಂಬಂಧ. (ನಮ್ಮಲ್ಲಿ ಸಹಜವಾದ ಸೋದರಮಾವ, ಸೋದರತ್ತೆಯ ಮಗನ ಸಂಬಂಧಗಳೂ ಈ ನಿಷಿದ್ಧ ಪಟ್ಟಿಯಲ್ಲಿವೆ, ಸರ್ಕಾರ ಅಧಿಸೂಚಿಸಿದ ರೂಢಿಗೆ ಮಾತ್ರ ವಿನಾಯಿತಿ.) ತಂದೆಯ ಸಿಟ್ಟು, ಜಾತಿ, ಧರ್ಮ ಇವು ಕಾರಣಗಳಲ್ಲ. ಕನ್ನಡಿಗರೇ ಆದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟು ಖಾಸಗಿತನವನ್ನು ಮೂಲಭೂತ ಹಕ್ಕೆಂದಿತು. 2018ರಲ್ಲಿ, ಇಬ್ಬರು ವಯಸ್ಕರು ಒಪ್ಪಿದ ಮೇಲೆ ಕುಟುಂಬದ ಅಥವಾ ಸಮುದಾಯದ ಸಮ್ಮತಿ ಬೇಕಿಲ್ಲವೆಂದೂ ಹೇಳಿತು. ಅಧಿಕಾರಿ ಆಕ್ಷೇಪವನ್ನು 30 ದಿನಗಳಲ್ಲಿ ತೀರ್ಮಾನಿಸಬೇಕು. ಎತ್ತಿಹಿಡಿದರೆ ಮತ್ತೆ 30 ದಿನಗಳೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಬೆದರಿಕೆಯಿದ್ದರೆ ನೋಟಿಸಿಗೂ ಮುನ್ನವೇ ಪೊಲೀಸರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಿ.

ಮದುವೆಯ ದಿನ ಮೂವರು ಸಾಕ್ಷಿಗಳು ಬೇಕು. ಒಪ್ಪಿಗೆಯ ಮಾತನ್ನು ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಹೇಳಬಹುದು, ಕನ್ನಡವಾದರೂ ಸರಿ. ನೋಟಿಸು ಕೊಟ್ಟು ಮೂರು ತಿಂಗಳೊಳಗೆ ಮದುವೆ ನಡೆಯದಿದ್ದರೆ ಹೊಸ ನೋಟಿಸು ಕೊಡಬೇಕಾಗುವುದರಿಂದ, ಸಾಕ್ಷಿಗಳ ರಜೆಯನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ.