ಕೊಡಗಿನ ಗುಡ್ಡಗಳಿಗೆ ಅಪಾಯದ ನಕ್ಷೆ: ತೂಕ ಹಂಚಿದ ನನ್ನ ಅನುಭವ

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದ ಮೇಲೆ, ಮಡಿಕೇರಿ ಸುತ್ತಲಿನ ಕೆಲವು ಹಳ್ಳಿಗಳ ಅಪಾಯದ ನಕ್ಷೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಇಳಿಜಾರು, ಮಳೆ, ಮಣ್ಣು, ಭೂಬಳಕೆ, ಹಳ್ಳದಿಂದ ದೂರ, ರಸ್ತೆಯಿಂದ ದೂರ ಎಂಬ ಆರು ಪದರಗಳನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಸಿದ್ಧಮಾಡಿಕೊಂಡೆ. ಯಾವುದಕ್ಕೆ ಎಷ್ಟು ತೂಕ ಎನ್ನುವುದಕ್ಕೆ ಗಣಿತಜ್ಞ ಥಾಮಸ್ ಸಾಟಿ 1970ರ ದಶಕದಲ್ಲಿ ರೂಪಿಸಿದ ಎಎಚ್‌ಪಿ (ಅನಲಿಟಿಕ್ ಹೈರಾರ್ಕಿ ಪ್ರೋಸೆಸ್) ವಿಧಾನ. ಎರಡೆರಡು ಅಂಶಗಳನ್ನು ಎದುರುಬದುರಿಟ್ಟು, ಯಾವುದು ಎಷ್ಟು ಮುಖ್ಯ ಎಂದು ಬಲ್ಲವರನ್ನು ಕೇಳಿ 1ರಿಂದ 9ರೊಳಗೆ ಅಂಕ ಪಡೆಯಬೇಕು. ಆರು ಅಂಶಕ್ಕೆ 15 ಜೋಡಿ. ಉಳಿದ ಲೆಕ್ಕ ತಂತ್ರಾಂಶದ್ದು.

ಒಬ್ಬರ ಉತ್ತರಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಅಸಂಗತಿ ಅಳೆಯುವ ಅನುಪಾತ ಒಪ್ಪಬಹುದಾದ ಮಿತಿಯಾದ 0.1 ದಾಟುತ್ತದೆ. ಆಗ ಕುಳಿತಲ್ಲೇ ಅಂಕ ತಿದ್ದಿ ಕೆಳಗಿಳಿಸುವ ಅಭ್ಯಾಸ ಹಲವರಿಗಿದೆ. ಅದು ತಪ್ಪು ಎಂದೇ ನನ್ನ ಗಟ್ಟಿ ಅಭಿಪ್ರಾಯ. ನಾನು ಉತ್ತರ ಕೊಟ್ಟವರ ಹತ್ತಿರ ಮತ್ತೆ ಹೋಗಿ ಕೇಳುತ್ತೇನೆ.

ಹಾಗೆ ಕೇಳಿದಾಗಲೇ ವಿಷಯ ಹೊರಬಿದ್ದದ್ದು. ಭೂವಿಜ್ಞಾನಿ ಇಳಿಜಾರಿಗೆ ಎಲ್ಲಕ್ಕಿಂತ ಹೆಚ್ಚು ತೂಕ ಕೊಟ್ಟಿದ್ದರು. ಕಾಫಿ ಬೆಳೆಗಾರರೊಬ್ಬರು ಒಪ್ಪಲಿಲ್ಲ. "ಇಳಿಜಾರು ನಮ್ಮಜ್ಜನ ಕಾಲದಲ್ಲೂ ಇತ್ತಲ್ಲ ಸಾರ್. ಬರೆ ಕಡಿದದ್ದು ಈಚೆಗೆ. ಎಲ್ಲಿ ಹೊಸ ಒರತೆ ಏಳುತ್ತೋ ಅಲ್ಲಿ ನೋಡಿ," ಎಂದರು. ನನ್ನ ಆರು ಪದರಗಳಲ್ಲಿ ಕಡಿದ ಬರೆ (ಗುಡ್ಡದ ಕಡಿದಾದ ಮಣ್ಣಿನ ಅಂಚು), ಹೊಸ ಒರತೆ ಇವೆರಡೂ ಇರಲಿಲ್ಲ. ನೆಲವನ್ನು 30 ಮೀಟರ್ ಚೌಕಗಳಾಗಿ ನೋಡುವ ಎತ್ತರದ ದತ್ತಾಂಶಕ್ಕೆ ಮನೆ ಹಿಂದಿನ ಕಡಿದ ಬರೆ ಕಾಣುವುದೂ ಇಲ್ಲ. ಊರವರ ಜೊತೆ ನಡೆದು, ಮೊಬೈಲ್ ಜಿಪಿಎಸ್‌ನಲ್ಲಿ ಬರೆ, ಒರತೆಗಳನ್ನು ಗುರುತಿಸಿಕೊಂಡು ಎರಡು ಹೊಸ ಪದರ ಸೇರಿಸಿದೆ. ಜೋಡಿಗಳು 28 ಆದವು. ಉತ್ತರಿಸುವವರಿಗೆ ಸುಸ್ತು, ಆದರೂ ಬಿಡುವಂತಿರಲಿಲ್ಲ.

ಬೇರೆಬೇರೆಯವರ ತೂಕಗಳ ಸರಾಸರಿ ತೆಗೆಯುವ ಸೌಲಭ್ಯ ತಂತ್ರಾಂಶದಲ್ಲಿದೆ. ನಾನು ತೆಗೆಯಲಿಲ್ಲ, ಭೂವಿಜ್ಞಾನಿಯದೊಂದು, ಬೆಳೆಗಾರರದೊಂದು ನಕ್ಷೆ ಮಾಡಿದೆ. ಎರಡರಲ್ಲೂ ಕೆಂಪಾದ, ಅಂದರೆ ಅಪಾಯ ಹೆಚ್ಚೆಂದು ಬಂದ ಕಡೆ ಚರ್ಚೆಯೇ ಬೇಡ. ಒಂದರಲ್ಲಷ್ಟೇ ಕೆಂಪಾದ ಕಡೆ ಹೋಗಿ ನೋಡಬೇಕು.

ಇನ್ನೊಂದು ತೊಡಕು: ತೂಕ ಹಾಕಿ ಕೂಡಿಸುವ ಲೆಕ್ಕದಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬಿಬಿಡುತ್ತದೆ. ಜೋರು ಮಳೆ, ಸಡಿಲ ಮಣ್ಣು ಇದ್ದರೆ ಸಮತಟ್ಟಾದ ಗದ್ದೆಗೂ ಅಪಾಯದ ಬಣ್ಣ ಬರುತ್ತದೆ. ಅಂಥ ಜಾಗವನ್ನು ಮೊದಲೇ ಲೆಕ್ಕದಿಂದ ಹೊರಗಿಟ್ಟೆ.

ನಕ್ಷೆ ಸರಿಯಿದೆಯೇ ಎಂದು ತಾಳೆ ನೋಡಲು ಹಿಂದೆ ಜರಿದ ಜಾಗಗಳ ಪಟ್ಟಿ ಬೇಕು. ಆದರೆ ರಸ್ತೆ ಬದಿಯ ಜರಿತ ಎಲ್ಲರ ಕಣ್ಣಿಗೆ ಬಿದ್ದು ದಾಖಲಾಗುತ್ತದೆ, ಕಾಡಿನೊಳಗಿನದು ತಪ್ಪಿಹೋಗುತ್ತದೆ. ಅದಕ್ಕೇ ಉಪಗ್ರಹ ಚಿತ್ರದಲ್ಲೂ ಹುಡುಕಿ ಸೇರಿಸಿಕೊಂಡೆ.

ಕೊನೆಗೆ ಪ್ರತಿ ತೂಕವನ್ನೂ ಶೇ 20ರಷ್ಟು ಹೆಚ್ಚು ಕಡಿಮೆ ಮಾಡಿ ಲೆಕ್ಕವನ್ನು ಮತ್ತೆ ಮತ್ತೆ ಓಡಿಸಿದೆ. ಹೇಗೆ ಬದಲಿಸಿದರೂ ಕೆಂಪಿನಲ್ಲೇ ಉಳಿದ ಮನೆಗಳನ್ನು, ಮಳೆಗಾಲದಲ್ಲಿ ಮೊದಲು ಸ್ಥಳಾಂತರಿಸಬೇಕಾದವು ಎಂದು ಪಟ್ಟಿ ಮಾಡಿ, ಬಳಸಿದ ತೂಕಗಳ ಕೋಷ್ಟಕದ ಸಮೇತ ಪಂಚಾಯಿತಿಗೆ ಕೊಟ್ಟೆ.